ಪೆಟ್ಟಿಗೆಯಿಲ್ಲದ ಟೀವಿ

ನೂರ್ಜಹಾನ್ ಟೀವಿ ರಿಪೇರಿ ಮಾಡುತ್ತಿದ್ದಳಾದರೂ ಅವಳು ಟೀವಿಗಳನ್ನು ಕಂಡದ್ದು ಕಡಿಮೆ. ಅವಳ ಹತ್ತಿರಕ್ಕೆ ಬರುತ್ತಿದ್ದುದು ಬೋರ್ಡು ಮಾತ್ರ. ಕೋಲಾರದ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮೈದುನ ಅಕ್ಬರ್ ಸೆಟ್ಟಿನ ಬೆನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಕಳಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ತರಕಾರಿ ಚೀಲದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದ. ಗಾಜು, ಗುಂಡಿಗಳು, ಪೆಟ್ಟಿಗೆಯ ಮೇಲೆ ಮನೆಯವರು ಆಸೆಪಟ್ಟು ಹೊದಿಸಿದ ಕಸೂತಿ ಬಟ್ಟೆ, ಎಲ್ಲವೂ ಅಂಗಡಿಯಲ್ಲೋ ಅವರವರ ಮನೆಯಲ್ಲೋ ಉಳಿಯುತ್ತಿದ್ದವು. ಯಾರ ಮನೆಯದು ಎಂದು ಅವಳು ಕೇಳುತ್ತಿರಲಿಲ್ಲ. ಆದರೂ ಬೋರ್ಡಿನ ಮೇಲೆ ಕೂತ ಧೂಳೇ ಅಷ್ಟಿಷ್ಟು ಹೇಳುತ್ತಿತ್ತು. ಕೆಂಪು ಧೂಳಾದರೆ ಮಾಲೂರಿನ ಇಟ್ಟಿಗೆ ಗೂಡುಗಳ ಕಡೆಯದು. ಒಗ್ಗರಣೆಯ ಜಿಡ್ಡಿದ್ದರೆ ಅಡುಗೆಮನೆಯ ಗೋಡೆಗೆ ಒರಗಿಸಿ ಟೀವಿ ಇಟ್ಟಿದ್ದಾರೆ. ಮಕ್ಕಳಿರುವ ಮನೆಯದಾದರೆ ಸಂದಿನಲ್ಲಿ ಒಂದಾದರೂ ಬಳಪದ ಚೂರು ಸಿಗುತ್ತಿತ್ತು.

ಗಡಿಯಾರ ಗೋಪುರದ ಹಿಂದಿನ ಓಣಿಯಲ್ಲಿ ಅವಳ ಮನೆ. ಎರಡೇ ಕೋಣೆ. ಒಳಕೋಣೆಯಲ್ಲಿ ಗೋಡೆಗೆ ಸೇರಿಸಿ ಒಂದು ಮರದ ಮೇಜು. ಅದನ್ನು ಮಾಡಿಟ್ಟವನು ಗಂಡ ಗೌಸ್ ಮೊಹಿದ್ದೀನ್. ಮೇಜಿನ ಮೇಲೆ ಮರದ ಚೌಕಟ್ಟಿಗೆ ಬಿಗಿದು ನಿಲ್ಲಿಸಿದ ಒಂದು ಹಳೆಯ ಪಿಕ್ಚರ್ ಟ್ಯೂಬು, ಪಕ್ಕದಲ್ಲಿ ಒಂದು ಸ್ಪೀಕರು. ಪೆಟ್ಟಿಗೆ ಇಲ್ಲ. ಟ್ಯೂಬಿನ ಮುಂಭಾಗದ ಗಾಜು ಮಾತ್ರ ಟೀವಿಯ ಹಾಗೆ ಕಾಣುತ್ತಿತ್ತು. ಹಿಂದೆ ಸೋರೆಕಾಯಿಯ ತೊಟ್ಟಿನಂತೆ ಸಣ್ಣಗಾಗುತ್ತ ಹೋದ ಗಾಜಿನ ಕುತ್ತಿಗೆ, ಸುತ್ತಲೂ ತಂತಿಗಳು. ಬಂದ ಬೋರ್ಡನ್ನು ಈ ಟ್ಯೂಬಿಗೂ ಸ್ಪೀಕರಿಗೂ ಜೋಡಿಸಿದರೆ, ಸೆಟ್ಟಿನ ಹೊರಗೇ ಬೋರ್ಡು ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತಿತ್ತು.

ಗೋಡೆಯ ಕರೆಂಟು ನೇರವಾಗಿ ಬೋರ್ಡಿಗೆ ಹೋಗುತ್ತಿರಲಿಲ್ಲ. ಮೊದಲು ಮೇಜಿನ ಕೆಳಗಿನ ಭಾರದ ಟ್ರಾನ್ಸ್‌ಫಾರ್ಮರ್ ಹಾದು ಬರಬೇಕು. ಹಾಗೆ ಬಂದರೆ ಕರೆಂಟಿಗೂ ನೆಲಕ್ಕೂ ಇರುವ ನಂಟು ಕಡಿಯುತ್ತದೆ, ಅಪ್ಪಿತಪ್ಪಿ ಕೈ ತಾಗಿದರೂ ಜೀವ ಉಳಿಯುವ ದಾರಿ ಇರುತ್ತದೆ. ಅಲ್ಲಿಂದ ಮುಂದೆ ಒಂದು ಸಾದಾ ಬಲ್ಬು. ಬೋರ್ಡಿನಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಭಗ್ಗನೆ ಹತ್ತಿಕೊಂಡು ಉರಿಯುತ್ತದೆ. ಎಲ್ಲ ಸರಿಯಿದ್ದರೆ ಒಂದು ಸಲ ಮಿಂಚಿ ಮಂಕಾಗುತ್ತದೆ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ನೂರ್ಜಹಾನ್ ಆ ಬಲ್ಬನ್ನು ನೋಡುತ್ತಿದ್ದಳು.

"ಬೋರ್ಡು ಹೊರಗಿದ್ದಾಗ ಬರಿಮೈಯ ಕೂಸಿದ್ದ ಹಾಗೆ," ಎನ್ನುತ್ತಿದ್ದ ಗೌಸ್. "ಅದಕ್ಕೂ ಏಟು ಬೀಳಬಾರದು, ನಮಗೂ ಬೀಳಬಾರದು. ಕರೆಂಟ್ ಇರೋವಾಗ ಬಲಗೈ ಕೆಲಸಕ್ಕೆ, ಎಡಗೈ ಸ್ವಿಚ್ಚಿಗೆ. ಎಡಗೈಗೆ ಬೇರೆ ಕೆಲಸ ಹೇಳಬೇಡ."

ಅವಳು ಕೆಲಸ ಕಲಿತದ್ದು ಅವನು ಬದುಕಿದ್ದಾಗಲೇ. ಮುಳಬಾಗಿಲಿನ ತವರಿನಲ್ಲಿ ಜರಿ ಕೆಲಸ ಮಾಡಿ ಪಳಗಿದ ಬೆರಳು. ಸಣ್ಣ ಬೆಸುಗೆಗಳನ್ನು ಗೌಸ್ ಅವಳ ಕೈಗೇ ಬಿಡುತ್ತಿದ್ದ. "ನನ್ನ ಬೆಸುಗೆ ಮೇಕೆ ಹಿಕ್ಕೆ, ನಿನ್ನದು ಮುತ್ತು," ಎಂದು ನಗುತ್ತಿದ್ದ. ಅಂಥವನು ಒಂದು ದಿನ ಮಾಲೂರಿನಲ್ಲಿ ಯಾರದೋ ಮನೆಗೆ ಸೆಟ್ಟು ನೋಡಲು ಹೋದ. ಮನೆ ತುಂಬ ಜನ, ಕ್ರಿಕೆಟ್ ಶುರುವಾಗುವ ಹೊತ್ತು. ಬೇಗ ಬೇಗ ಎಂದು ಎಲ್ಲರೂ ಮೇಲೆಬಿದ್ದರು. ಟ್ರಾನ್ಸ್‌ಫಾರ್ಮರ್ ಭಾರವೆಂದು ಮನೆಯಲ್ಲೇ ಬಿಟ್ಟು ಹೋಗಿದ್ದ. ಆಗಷ್ಟೇ ಒರೆಸಿದ ನೆಲ, ತಿರುಗುಮುರುಗಾದ ಪ್ಲಗ್ಗು. ಒಂದು ಕೈ ಸೆಟ್ಟಿನ ಒಳಗೆ, ಇನ್ನೊಂದು ಕೈ ಆಂಟೆನಾ ತಂತಿಯ ಮೇಲೆ. ಅಲ್ಲಿದ್ದವರಿಗೆ ಸ್ವಿಚ್ಚು ಎಲ್ಲಿದೆ ಎಂದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಂಡ ಹೋದ ಮೇಲೆ ಇದ್ದತ್ ಎಂದು ತಿಂಗಳುಗಟ್ಟಲೆ ಹೊಸಿಲು ದಾಟುವ ಹಾಗಿರಲಿಲ್ಲ. ಆ ದಿನಗಳಲ್ಲಿ ಅವಳು ಮೇಜಿನ ಮುಂದೆ ಕೂತಳು. ಅಂಗಡಿಯಲ್ಲಿ ಉಳಿದುಹೋಗಿದ್ದ ಬೋರ್ಡುಗಳನ್ನು ಅಕ್ಬರ್ ಒಂದೊಂದಾಗಿ ತಂದುಕೊಟ್ಟ. ಒಂದು ಸರಿಹೋಯಿತು, ಇನ್ನೊಂದು ಸರಿಹೋಯಿತು. ಇದ್ದತ್ ಮುಗಿಯಿತು. ಅವಳು ಮೇಜು ಬಿಟ್ಟು ಏಳಲಿಲ್ಲ. ಕೂತಾಗಲೆಲ್ಲ ಎಡಗೈ ತಾನಾಗಿಯೇ ಹೋಗಿ ಸ್ವಿಚ್ಚಿನ ಮೇಲೆ ಕೂರುತ್ತಿತ್ತು. ಮಗಳು ಅಜ್ರಾ ಬಾಗಿಲ ಸಂದಿಯಲ್ಲಿ ಇಣುಕಿದರೂ ಸಾಕು, ಆ ಕೈ ಕರೆಂಟು ಆರಿಸಿಬಿಡುತ್ತಿತ್ತು. ಮಗುವನ್ನು ಆಚೆ ಕಳಿಸಿ, ಚಿಲಕ ಹಾಕಿ ಬಂದು ಮತ್ತೆ ಹಾಕುತ್ತಿದ್ದಳು. ಇದರಿಂದ ಯಾರಿಗೂ ನಷ್ಟವಿರಲಿಲ್ಲ.

ಎಂಬತ್ತೈದನೇ ಇಸವಿಯ ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಅಕ್ಬರ್ ತಂದ ಬೋರ್ಡಿನ ಒಂದು ಮೂಲೆ ಸೀದ ರೊಟ್ಟಿಯಂತೆ ಕಪ್ಪಾಗಿತ್ತು. ಸಂದಿಯಲ್ಲಿ ರೇಷ್ಮೆಯ ಎಳೆಗಳು ಸಿಕ್ಕಿಕೊಂಡಿದ್ದವು.

"ಸಿಡಿಲು ಬಡಿದಿದೆ ಭಾಭಿ," ಎಂದ ಅಕ್ಬರ್. "ಹೋಳೂರಿಂದು. ಚನ್ನರಾಯಪ್ಪ ಅಂತ, ರೇಷ್ಮೆ ಬೆಳೆಯೋರು. ನಾಳೆ ಮಧ್ಯಾಹ್ನದೊಳಗೆ ಆಗಬೇಕಂತೆ."

"ಎಲ್ಲರಿಗೂ ನಾಳೆ ಮಧ್ಯಾಹ್ನದೊಳಗೇ ಆಗಬೇಕು. ಇಟ್ಟು ಹೋಗು."

ಅವನು ಇಟ್ಟ, ಆದರೆ ಹೋಗಲಿಲ್ಲ. ಬಾಗಿಲಲ್ಲೇ ನಿಂತ.

"ಮಗ ಸತ್ತೋಗಿದಾನೆ ಭಾಭಿ. ಕದಿರಪ್ಪ ಅಂತ. ಕಾಮಾಲೆ. ಈಗ ವಾರದ ಹಿಂದೆ."

ನೂರ್ಜಹಾನ್ ಬೋರ್ಡಿನಿಂದ ತಲೆಯೆತ್ತಿದಳು.

ಅಕ್ಬರ್ ಬಾಗಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ. ಮೂರು ತಿಂಗಳ ಹಿಂದೆ ದೂರದರ್ಶನದವರು ರೈತರ ಕಾರ್ಯಕ್ರಮಕ್ಕೆಂದು ಹೋಳೂರಿಗೆ ಬಂದಿದ್ದರು. ರೇಷ್ಮೆಹುಳ ಸಾಕುವುದನ್ನು ಚಿತ್ರ ತೆಗೆದು, ಕದಿರಪ್ಪನನ್ನು ಮಾತಾಡಿಸಿ ಹೋಗಿದ್ದರು. ಆಮೇಲೆ ಮಳೆಗಾಲಕ್ಕೆ ಮುಂಚಿನ ಒಂದು ಸಿಡಿಲಿಗೆ ಟೀವಿ ಸುಟ್ಟಿತು. ಅದನ್ನು ರಿಪೇರಿಗೆ ಕೊಡಬೇಕು ಎನ್ನುವಷ್ಟರಲ್ಲಿ ಹುಡುಗ ಹಾಸಿಗೆ ಹಿಡಿದ. ನೆನ್ನೆ ಮಾತಾಡಿಸಿಕೊಂಡು ಹೋಗಲು ಬಂದ ರೇಷ್ಮೆ ಇಲಾಖೆಯವರು, ಹೇಳಲೋ ಬೇಡವೋ ಎನ್ನುತ್ತ ಹೇಳಿದರಂತೆ: ಆ ಕಾರ್ಯಕ್ರಮ ನಾಳೆ ಸಂಜೆ ಆರೂವರೆಗೆ ಬರುತ್ತದೆ.

"ಅವನದು ಒಂದು ಫೋಟೋನೂ ಇಲ್ವಂತೆ. ಸ್ಕೂಲಲ್ಲಿ ತೆಗೆಸಿದ ಗುಂಪಿನದು ಒಂದೈತೆ. ಅದರಲ್ಲಿ ಮುಖ ಹುರುಳಿಕಾಳಿನಷ್ಟು. ಆ ಯಮ್ಮ ನನ್ನ ಕೈ ಹಿಡ್ಕೊಂಡು, ಸಾಬಣ್ಣ, ಒಂದೇ ಒಂದು ಸಲ ನನ್ನ ಮಗನ ಮುಖ ತೋರ್ಸಪ್ಪ ಅಂದ್ಳು."

"ಊರಲ್ಲಿ ಬೇರೆ ಟೀವಿ ಇಲ್ವಾ?"

"ಕೋದಂಡರಾಮಪ್ಪನವರ ಮನೇಲೊಂದೈತೆ. ಅವರ ಮಗಳ ಮದುವೆ. ಮನೆ ಮುಂದೆ ಚಪ್ಪರ ಹಾಕವ್ರೆ. ಇವರಿಗೆ ಸೂತಕ. ಹನ್ನೊಂದರ ಕಾರ್ಯ ಆಗೋವರೆಗೂ ಯಾರ ಮನೆಗೂ ಹೋಗೋ ಹಾಗಿಲ್ಲ. ಆ ಚಪ್ಪರದ ನೆರಳಿಗೂ ಸುಳಿಯೋ ಹಾಗಿಲ್ಲ. ಸೂತಕದ ಮನೆಗೆ ತಂದು ತೋರಿಸಿ ಅಂದ್ರೆ ಯಾರು ತಮ್ಮ ಸೆಟ್ಟು ಕೊಡ್ತಾರೆ?"

ನೂರ್ಜಹಾನ್ ಅಜ್ರಾಗೆ ಉಣ್ಣಿಸಿ, ಮೇಜಿನ ಮುಂದೆ ಕೂತಳು.

ಸಿಡಿಲು ಬಡಿದ ಬೋರ್ಡೆಂದರೆ ಕೋತಿ ನುಗ್ಗಿದ ತೋಟ. ಎಲ್ಲಿ ಕಿತ್ತಿದೆ, ಎಲ್ಲಿ ಕಚ್ಚಿ ಬಿಟ್ಟಿದೆ, ಮೇಲಿಂದ ಗೊತ್ತಾಗುವುದಿಲ್ಲ. ಮಸಿ ಹಿಡಿದ ಕಡೆಯನ್ನು ಬ್ರಷ್ಷಿನಿಂದ ಒರೆಸಿ, ಸುಟ್ಟ ಫ್ಯೂಸು, ಒಡೆದ ಡಯೋಡುಗಳನ್ನು ಕಿತ್ತು ಹೊಸದು ಹಾಕಿದಳು. ಟ್ಯೂಬಿಗೆ ಹೋಗುವ ತಂತಿ ಇನ್ನೂ ಜೋಡಿಸದೆ, ಬಲ್ಬಿನ ದಾರಿಯಲ್ಲಿ ಕರೆಂಟು ಕೊಟ್ಟಳು. ಬಲ್ಬು ಭಗ್ಗನೆ ಉರಿಯಿತು. ಆರಿಸಿದಳು.

ಆರಿಸಿದ ಕೂಡಲೇ ಕೈ ಹಾಕುವಂತಿಲ್ಲ. ಬೋರ್ಡಿನ ಮೇಲಿನ ದೊಡ್ಡ ಕೆಪಾಸಿಟರು ಕರೆಂಟು ಹೋದ ಮೇಲೂ ತನ್ನೊಳಗೆ ಒಂದಷ್ಟನ್ನು ಅಡಗಿಸಿಟ್ಟುಕೊಂಡಿರುತ್ತದೆ. ಬಲ್ಬು ಕಟ್ಟಿದ ಇನ್ನೊಂದು ವೈರಿನ ಎರಡು ತುದಿಯನ್ನು ಅದರ ಕಾಲುಗಳಿಗೆ ಮುಟ್ಟಿಸಿದಳು. ಬಲ್ಬು ಪಿಳಕ್ಕೆಂದು ಕಣ್ಣುಬಿಟ್ಟು ಮುಚ್ಚಿತು. ಮೀಟರು ಹಿಡಿದು ಮುಳ್ಳು ಸೊನ್ನೆಗೆ ಇಳಿದಿದೆಯೇ ನೋಡಿದಳು. ಆಮೇಲೆಯೇ ಮುಟ್ಟಿದ್ದು. ಮಧ್ಯಾಹ್ನದೊಳಗೆ ಆಗಬೇಕೆಂಬ ಅವಸರ ಎಷ್ಟೇ ಇರಲಿ, ಈ ಒಂದು ಹೆಜ್ಜೆಯನ್ನು ಅವಳು ಬಿಡಲಿಲ್ಲ. ಅವಸರದಲ್ಲಿ ಇಂಥದ್ದೇ ಒಂದು ಹೆಜ್ಜೆ ಬಿಟ್ಟವನನ್ನು ಮಣ್ಣಿಗಿಟ್ಟ ಮನೆ ಅದು.

ಶಾರ್ಟಾಗಿದ್ದ ಪವರ್ ಟ್ರಾನ್ಸಿಸ್ಟರು ಸಿಕ್ಕಿತು. ಅದನ್ನು ಬದಲಿಸಿ ಕರೆಂಟು ಕೊಟ್ಟಾಗ ಬಲ್ಬು ಒಮ್ಮೆ ಮಿಂಚಿ, ನಿದ್ದೆ ಬಂದ ಮಗುವಿನ ಕಣ್ಣಿನಂತೆ ಮೆಲ್ಲಗೆ ಮಂಕಾಯಿತು. ಬೆಳಿಗ್ಗೆ ಚಪಾತಿ ಲಟ್ಟಿಸಿ ಬಂದು ಉಳಿದ ಬೆಸುಗೆಗಳನ್ನು ಒಂದೊಂದಾಗಿ ನೋಡಿ, ತನ್ನ ಟ್ಯೂಬಿಗೆ ಜೋಡಿಸಿದಳು. ಗಾಜು ಬೂದಿಬಣ್ಣಕ್ಕೆ ತಿರುಗಿತು. ಮೂಲೆಯಿಂದ ಮೂಲೆಗೆ ಗೆರೆಗಳು ಸಮನಾಗಿ ಹರಡಿದವು. ಅವಳು ಕರೆಂಟು ಆರಿಸದೆ ಆ ಬೆಳಕನ್ನೇ ನೋಡುತ್ತ ಕೂತಳು. ಗಂಡ ಹೋದಮೇಲೆ ಬೋರ್ಡೊಂದು ಸರಿಯಾಯಿತೆಂದು ಹಾಗೆ ಕೂತದ್ದು ಅದೇ ಮೊದಲು.

ಅಕ್ಬರ್ ಬೋರ್ಡನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋಳೂರಿನ ಬಸ್ಸು ಹತ್ತಿದ. ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಅದೇ ಚೀಲ ಹಿಡಿದು ವಾಪಸು ಬಂದು ಬಾಗಿಲಲ್ಲಿ ನಿಂತ.

"ಕೆಲಸ ಕೆಡ್ತು ಭಾಭಿ."

"ಬೋರ್ಡು ಕೈ ಕೊಡ್ತಾ?"

"ನಿನ್ನ ಬೋರ್ಡು ಸರಿಯಾಗೇ ಐತೆ. ಟ್ಯೂಬು ಸತ್ತಿದೆ. ಸಿಡಿಲಿಗೆ ಒಳಗಿನ ತಂತಿಯೇ ಕರಗಿಹೋಗಿದೆ. ನಾನು ಮೊದಲೇ ಮೀಟರು ಹಿಡಿದು ನೋಡಬೇಕಿತ್ತು. ಸುಟ್ಟ ಬೋರ್ಡು ಕಣ್ಣಿಗೆ ಹೊಡೀತಿತ್ತು, ಟ್ಯೂಬಿನ ಕಡೆ ನೋಡಲೇ ಇಲ್ಲ. ಅಷ್ಟು ದೊಡ್ಡ ಟ್ಯೂಬು ಬೆಂಗಳೂರಿಂದ ಬರಬೇಕು. ಇವತ್ತಿನ ಮಾತಲ್ಲ."

ಅದು ಅವನ ತಪ್ಪೂ ಹೌದು, ಆ ಕೆಲಸದ ರೀತಿಯೂ ಹೌದು. ಬೋರ್ಡು ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಇಲ್ಲಿ ಗುಣವಾದದ್ದು ಅಲ್ಲಿ ಬದುಕುತ್ತದೆ ಎಂದು ಯಾರು ಹೇಳಬಲ್ಲರು?

"ಆ ತಾಯಿ ಏನಂದ್ಲು?"

"ಖಾಲಿ ಗಾಜು ನೋಡ್ಕೊಂಡು ಕೂತಿದ್ಲು. ಅದಕ್ಕೇ ಅಲ್ಲಿ ಇರೋಕಾಗದೆ ಓಡಿಬಂದೆ."

ನೂರ್ಜಹಾನ್ ಮೇಜಿನ ಕಡೆ ತಿರುಗಿದಳು. ತನ್ನ ಟ್ಯೂಬು ಚಿಕ್ಕದು, ಹಳೆಯದು, ಆದರೆ ಜೀವವಿರುವುದು. ಮಾಳಿಗೆಯ ಮೇಲೆ ಗೌಸ್ ಎತ್ತರದ ಬಿದಿರಿಗೆ ಕಟ್ಟಿದ್ದ ಆಂಟೆನಾ ಇನ್ನೂ ಇದೆ.

"ಕರ್ಕೊಂಡು ಬಾ," ಎಂದಳು.

"ಎಲ್ಲಿಗೆ?"

"ಇಲ್ಲಿಗೆ. ನಮ್ಮನೇಲಿ ಸೂತಕ ಹಿಡಿಯಲ್ಲ ಅಂತ ಹೇಳು."

"ಭಾಭಿ, ಬಿಚ್ಚಿದ ಟ್ಯೂಬು. ಹೊರಗಿನವರನ್ನ ಅದರ ಮುಂದೆ..."

"ಗೊತ್ತು ನನಗೆ. ಬೋರ್ಡು ಇಟ್ಟು ಹೋಗು, ಬಸ್ಸು ತಪ್ಪುತ್ತೆ."

ಅವನು ಹೋದಮೇಲೆ ಅಜ್ರಾಳನ್ನು ಎದುರು ಮನೆಗೆ ಕಳಿಸಿದಳು. ಬೋರ್ಡು ಜೋಡಿಸಿದಳು. ಮೇಜಿನ ಮುಂದೆ ಯಾರೂ ಹತ್ತಿರ ಬಾರದಂತೆ ಅಡ್ಡಕ್ಕೆ ಒಂದು ಉದ್ದನೆಯ ಬೆಂಚು ಇಟ್ಟಳು. ಬೆಂಚಿನ ಈಚೆಗೆ ಚಾಪೆ ಹಾಸಿದಳು. ಚಾಪೆಯ ಮೇಲೆ ತಾನೇ ಕೂತು, ಕೈ ಚಾಚಿ, ಟ್ಯೂಬಿನ ಹಿಂದಿನ ತಂತಿಗಳು ನಿಲುಕುವುದಿಲ್ಲ ಎಂದು ನೋಡಿಕೊಂಡಳು. ಎದ್ದು ನಿಂತು ಬಾಗಿದರೆ ಮುಂದಿನ ಗಾಜು ನಿಲುಕುತ್ತಿತ್ತು. ಗಾಜಿನಿಂದ ಅಪಾಯವಿಲ್ಲ, ಕೈಯ ರೋಮ ಸ್ವಲ್ಪ ನಿಮಿರಬಹುದು, ಅಷ್ಟೆ. ಕೊಲ್ಲುವುದೆಲ್ಲ ಹಿಂದಿದೆ.

ಆರು ಗಂಟೆ ಹೊಡೆಯುವ ಹೊತ್ತಿಗೆ ಅವರು ಬಂದರು. ಚನ್ನರಾಯಪ್ಪ ತಲೆಗೆ ಟವೆಲು ಸುತ್ತಿದ್ದ ಎತ್ತರದ ಮನುಷ್ಯ. ಅವನ ಬೆನ್ನ ಹಿಂದೆ ಗಿಡ್ಡನೆಯ, ತಲೆಗೆ ಎಣ್ಣೆ ಕಾಣದ ಹೆಂಗಸು, ಹೆಂಡತಿ ಮುನಿಗಂಗಮ್ಮ. ಅವಳು ಹೊಸಿಲಿನಾಚೆಗೇ ನಿಂತಳು.

"ನಮಗೆ ಸೂತಕ ಬೂಬಮ್ಮಾ. ಒಳಗೆ ಬರಬೋದಾ?"

"ನಮ್ಮನೇಲಿ ಅದು ಹಿಡಿಯಲ್ಲಮ್ಮ. ಬನ್ನಿ."

"ನಮ್ಮ ಭಾವ ಪೆದ್ದಪ್ಪ ಬೈದ್ರು. ಕಾರ್ಯ ಆಗೋಕೆ ಮುಂಚೆ ಹೊಸ್ಲು ದಾಟ್ತೀಯಾ, ಸತ್ತೋನಿಗೆ ಸದ್ಗತಿ ಬ್ಯಾಡ್ವಾ ಅಂದ್ರು. ನಾನಂದೆ, ಅವ್ನಿಗೆ ಸದ್ಗತಿ ಕೊಡೋ ದೇವ್ರಿಗೆ ನನ್ನ ಹೊಟ್ಟೆ ಗೊತ್ತಾಗಲ್ವಾ ಅಂತ." ಮುನಿಗಂಗಮ್ಮ ಹೀಗೆನ್ನುತ್ತ ಹೊಸಿಲು ದಾಟಿದಳು. ಒಳಕೋಣೆಗೆ ಬಂದವಳು ಮೇಜಿನ ಮೇಲಿದ್ದುದನ್ನು ನೋಡಿ ಬೆಚ್ಚಿದಳು. "ಇದೇನು ತಾಯಿ, ಕರುಳೆಲ್ಲ ಈಚೆಗೆ ಬಂದೈತೆ!"

"ಟೀವೀನೇ. ಪೆಟ್ಟಿಗೆ ಇಲ್ಲ, ಅಷ್ಟೇ. ಇಲ್ಲಿ ಚಾಪೆ ಮೇಲೆ ಕೂತ್ಕೊಳ್ಳಿ. ಈ ಬೆಂಚು ದಾಟಿ ಬರಬೇಡಿ. ಏನನ್ನೂ ಮುಟ್ಟಬೇಡಿ. ನಮ್ಮ ಯಜಮಾನರು ಕರೆಂಟಿಂದಲೇ ಹೋದ್ರು."

"ಅಯ್ಯೋ ನಾಯನಾ," ಎಂದಳು ಮುನಿಗಂಗಮ್ಮ. ನೂರ್ಜಹಾನಳ ಮುಖವನ್ನು ಆಗಲೇ ಸರಿಯಾಗಿ ನೋಡಿದ್ದು. "ಮುಟ್ಟಲ್ಲ ಬಿಡಮ್ಮ. ಕಣ್ಣಲ್ಲಿ ನೋಡಿದ್ರೆ ಸಾಕು."

ಅವಳು ಕಾಲು ಮಡಿಸಿ ಕೂತಳು. ಚನ್ನರಾಯಪ್ಪ ಕೂರಲಿಲ್ಲ, ಗೋಡೆಗೆ ಒರಗಿ ನಿಂತ. ಅಕ್ಬರ್ ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದ. ನೂರ್ಜಹಾನ್ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ಸ್ವಿಚ್ಚಿನ ಮೇಲಿಟ್ಟು ಕರೆಂಟು ಕೊಟ್ಟಳು. ಬಲ್ಬು ಮಿಂಚಿ ಮಂಕಾಯಿತು. ಮೊದಲು ಸದ್ದು ಬಂತು, ಆಮೇಲೆ ನಿಧಾನವಾಗಿ ಬೆಳಕು, ಬೆಳಕಿನೊಳಗೆ ಚುಕ್ಕೆಗಳು.

"ಬಂತಾ?" ಮಾಳಿಗೆಯಿಂದ ಅಕ್ಬರನ ಕೂಗು.

"ಇನ್ನೊಂಚೂರು! ಬೆಂಗಳೂರು ಕಡೆಗೆ! ಹಾಂ, ಸಾಕು, ಬಿಡು!"

ಚಿತ್ರ ನಿಂತಿತು. ಟೊಮೇಟೊ ಗಿಡದ ರೋಗದ ಬಗ್ಗೆ ಒಬ್ಬರು ಮಾತಾಡುತ್ತಿದ್ದರು. ಮಾತಾಡಿಯೇ ಮಾತಾಡಿದರು. ಮುನಿಗಂಗಮ್ಮ ಅವರನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಹಿಪ್ಪುನೇರಳೆ ತೋಟ ಬಂತು.

"ನಮ್ಮ ತೋಟ!" ಚನ್ನರಾಯಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಂದ. "ಲೇ, ನಮ್ಮ ಬಾವಿ ಕಣೇ ಅದು!"

ನೂರ್ಜಹಾನಳ ಕಣ್ಣು ತೋಟದ ಮೇಲಿರಲಿಲ್ಲ. ಅವಳು ಬಲ್ಬನ್ನು ನೋಡುತ್ತಿದ್ದಳು. ಚಿತ್ರದ ಅಂಚು ಒಂದಿಷ್ಟು ಕುಣಿದ ಹಾಗಾಯಿತು. ಬೆಸುಗೆಯೊಂದು ಬಿಸಿಗೆ ಸಡಿಲವಾಯಿತೇ? ಈಗ ಕೈ ಕೊಡಬೇಡ, ಈಗ ಬೇಡ ಎಂದು ಆ ಬೋರ್ಡನ್ನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ತಟ್ಟೆಗಳಲ್ಲಿ ಹುಳಗಳು ಸೊಪ್ಪು ಮೇಯುವುದನ್ನು ತೋರಿಸಿದರು. ಒಂದು ಕೈ ಸೊಪ್ಪು ಉದುರಿಸುವುದನ್ನು ತೋರಿಸಿದರು. ಕ್ಯಾಮೆರಾ ಆ ಕೈಯಿಂದ ಮೇಲಕ್ಕೆ ಹೋಯಿತು.

"ನಾಯನಾ!"

ಕೂಗು ಕೇಳಿ ನೂರ್ಜಹಾನ್ ತಲೆಯೆತ್ತುವಷ್ಟರಲ್ಲಿ ಮುನಿಗಂಗಮ್ಮ ಎದ್ದಿದ್ದಳು. ಬೆಂಚಿನ ಮೇಲೆ ಬಾಗಿದ್ದಳು. ಎರಡೂ ಕೈ ಚಾಚಿದ್ದಳು, ಶಾಲೆಯಿಂದ ಬಂದ ಮಗುವಿನ ಕೆನ್ನೆ ಹಿಡಿಯಲು ಚಾಚುವ ಹಾಗೆ. "ಕೊಡುಕಾ, ನನ್ ಮಗನೇ, ಎಷ್ಟು ಸೊರಗಿದ್ಯೋ..."

ಆ ಕೈಗಳು ಹೋಗುತ್ತಿದ್ದುದು ಗಾಜಿನ ಕಡೆಗೆ. ಗಾಜಿನಿಂದ ಅಪಾಯವಿಲ್ಲ. ಅದು ನೂರ್ಜಹಾನಳಿಗೆ ಗೊತ್ತಿತ್ತು. ಆದರೆ ಅವಳ ಎಡಗೈಗೆ ಗೊತ್ತಿರಲಿಲ್ಲ.

ಟಕ್ ಎಂದಿತು.

ಹುಡುಗನ ಮುಖ ನಾಲ್ಕೂ ಕಡೆಯಿಂದ ಕುಗ್ಗಿ ಗಾಜಿನ ನಡುವೆ ಒಂದು ಬಿಳಿ ಚುಕ್ಕೆಯಾಯಿತು. ಮುನಿಗಂಗಮ್ಮನ ಬೆರಳುಗಳು ಗಾಜನ್ನು ಮುಟ್ಟಿದಾಗ ಇದ್ದದ್ದು ಆ ಚುಕ್ಕೆ. ಅದೂ ಅವಳ ಬೆರಳಿನ ಅಡಿಯಲ್ಲೇ ಆರಿತು.

"ಏನಾಯ್ತು? ಕರೆಂಟ್ ಹೋಯ್ತಾ?" ಚನ್ನರಾಯಪ್ಪ ಕೇಳಿದ.

ನೂರ್ಜಹಾನ್ ಉತ್ತರ ಕೊಡುವುದಕ್ಕೆ ಮೊದಲು ಸ್ವಿಚ್ಚು ಹಾಕಿದಳು. "ಬರುತ್ತೆ. ಬರುತ್ತೆ. ಟ್ಯೂಬು ಬಿಸಿಯಾಗಬೇಕು. ಹಿಂದಕ್ಕೆ ಬನ್ನಿ ಅಮ್ಮಾ, ಬರುತ್ತೆ."

ಸದ್ದು ಬಂತು. ಗಾಜು ಇನ್ನೂ ಕಪ್ಪಾಗಿಯೇ ಇತ್ತು. ಆ ಕಪ್ಪಿನೊಳಗಿಂದ ಒಬ್ಬ ಯುವಕನ ದನಿ, ಊರಿನ ರಾಗವನ್ನು ಅದುಮಿಟ್ಟು ಪುಸ್ತಕದ ಕನ್ನಡ ಮಾತಾಡಲು ಹೆಣಗುತ್ತ, ಹೇಳಿತು:

"...ಐದನೇ ಹಂತದಲ್ಲಿ, ಗೂಡು ಕಟ್ಟುವ ಮುಂಚೆ, ಹುಳಕ್ಕೆ ಹಸಿವು ಜಾಸ್ತಿ ಇರುತ್ತದೆ. ಆಗ ರಾತ್ರಿಯೂ ಸೊಪ್ಪು ಹಾಕಬೇಕಾಗುತ್ತದೆ."

"ರಾತ್ರಿ ನೀವೇ ಏಳುತ್ತೀರಾ?" ಕೇಳಿದವರ ದನಿ.

"ಇಲ್ಲ ಸಾರ್. ನಮ್ಮಮ್ಮ ಏಳ್ತಾಳೆ. ನಾನು ಮಲಗಿದ್ರೆ ಎದ್ದೇಳಲ್ಲ." ಪುಸ್ತಕದ ಕನ್ನಡ ಬಿಟ್ಟುಹೋಗಿತ್ತು. ಅವನು ನಕ್ಕ. ಕೇಳಿದವರೂ ನಕ್ಕರು.

ಗಾಜು ಬೂದಿಬಣ್ಣಕ್ಕೆ ತಿರುಗಿತು. ಬೆಳಕು ಬಂತು. ಬೆಳಕಿನೊಳಗೆ ಕನ್ನಡಕ ಹಾಕಿದ ಅಧಿಕಾರಿಯೊಬ್ಬರು ಕುರ್ಚಿಯ ಮೇಲೆ ಕೂತು, ಗೂಡಿನ ಮಾರುಕಟ್ಟೆಯ ವಿಚಾರ ಹೇಳುತ್ತಿದ್ದರು. ಮೂವರೂ ಅವರನ್ನೇ ನೋಡಿದರು. ಅವರು ಮುಗಿಸಿದ ಮೇಲೆ ಕದಿರಪ್ಪ ಮತ್ತೆ ಬರುತ್ತಾನೆಂದು ಕಾದರು. ಅವರು ಮುಗಿಸಿದರು. ಹೂವಿನ ಕುಂಡಗಳು ಬಂದವು, ವಾದ್ಯದ ಸದ್ದು ಬಂತು, ಕಾರ್ಯಕ್ರಮ ಮುಗಿಯಿತು.

ಮುನಿಗಂಗಮ್ಮ ಚಾಪೆಯ ಮೇಲೆ ಸರಿಯಾಗಿ ಕೂತಳು. ಸೆರಗನ್ನು ಸುತ್ತಿಕೊಂಡು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಇನ್ನೊಂದ್ಸಲ ಹಾಕು ತಾಯಿ," ಎಂದಳು. "ನಂದೇ ತಪ್ಪಾಯ್ತು. ನೀನು ಹೇಳಿದ್ದೆ, ನಾನೇ ಮರೆತೆ. ಈ ಸಲ ಮುಟ್ಟಲ್ಲ. ನೋಡು, ಕೈ ಕಟ್ಕೊಂಡೆ."

ನೂರ್ಜಹಾನ್ ಸ್ಟೂಲಿನಿಂದ ಇಳಿದಳು. ಬೆಂಚು ದಾಟಿ ಬಂದು ಚಾಪೆಯ ಮೇಲೆ, ಅವಳ ಎದುರಿಗೆ ಕೂತಳು.

"ಅದು ಇಲ್ಲಿಂದ ಹಾಕೋದಲ್ಲಮ್ಮ. ಬೆಂಗಳೂರಿಂದ ಬರೋದು. ಬಂದದ್ದು ಹೋಯ್ತು. ಮತ್ತೆ ಬರಲ್ಲ."

"ಬರಲ್ವಾ?"

"ಬರಲ್ಲಮ್ಮ. ನಾನೇ ಆರಿಸಿದ್ದು. ನೀವು ಮುಟ್ಟಿದ್ರೆ ಏನೂ ಆಗ್ತಿರಲಿಲ್ಲ. ಗಾಜು ಅದು. ನನ್ನ ಕೈ... ಯಾರಾದರೂ ಕೈ ಚಾಚಿದ್ರೆ ನನ್ನ ಕೈ ಆರಿಸಿಬಿಡುತ್ತೆ. ಅವತ್ತು ಅಲ್ಲಿ ಯಾರೂ ಆರಿಸಲಿಲ್ಲ, ಅದಕ್ಕೇ..."

ಮುನಿಗಂಗಮ್ಮ ಬೈಯುತ್ತಾಳೆ ಎಂದು ನೂರ್ಜಹಾನ್ ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಓಣಿಯಲ್ಲಿ ಕಬಾಬಿನ ಗಾಡಿಯ ಗಂಟೆ ಹಾದುಹೋಯಿತು. ಮಾಳಿಗೆಯಿಂದ ಇಳಿದು ಬಂದ ಅಕ್ಬರ್, ನೋಡಿದಿರಾ ಎಂದು ಕೇಳಲು ಬಾಯಿ ತೆರೆದವನು ಮೂವರ ಮುಖ ಕಂಡು ಹಾಗೇ ಹೊರಗೆ ಹೋದ.

"ನೀನಾದ್ರೂ ಸರಿಯಾಗಿ ನೋಡ್ದಾ?" ಕೊನೆಗೆ ಮುನಿಗಂಗಮ್ಮ ಕೇಳಿದಳು. "ನನ್ನ ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು. ಹೆಂಗಿದ್ದ ಹೇಳು. ನಗ್ತಿದ್ನಾ?"

ನೂರ್ಜಹಾನ್ ನೋಡಿದ್ದು ಬಲ್ಬು. ನೋಡಿದ್ದು ಚಿತ್ರದ ಅಂಚು, ಆಮೇಲೆ ಚಾಚಿದ ಎರಡು ಕೈ. ಹುಡುಗನ ಮುಖ ಬಂದು ಹೋದದ್ದರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಕುಗ್ಗುತ್ತಿದ್ದ ಬೆಳಕು ಮಾತ್ರ. ಸುಳ್ಳು ಹೇಳಿಬಿಡಲೇ ಎಂದುಕೊಂಡಳು. ಹೆತ್ತವಳ ಮುಂದೆ ಮಗನ ಮುಖವನ್ನು ಊಹಿಸಿ ಹೇಳುವುದು ಹೇಗೆ?

"ನಾನು..." ಎಂದಳು.

"ನಗ್ತಿದ್ದ ಕಣೇ," ಎಂದ ಚನ್ನರಾಯಪ್ಪ.

ಅವನು ಅಷ್ಟು ಹೊತ್ತೂ ಗೋಡೆಯ ಪಕ್ಕದಲ್ಲೇ ಇದ್ದ. ಈಗ ಬಂದು ಹೆಂಡತಿಯ ಹತ್ತಿರ ನೆಲದ ಮೇಲೆ ಕೂತ. ತಲೆಯ ಟವೆಲು ಬಿಚ್ಚಿ ಮೊಣಕಾಲಿನ ಮೇಲೆ ಹಾಕಿಕೊಂಡ.

"ನಾನು ಪೂರ್ತಿ ನೋಡ್ದೆ. ತಲೆ ಬಾಚ್ಕೊಂಡಿದ್ದ. ನೀರು ಹಚ್ಚಿ ಬಾಚಿದ್ದ, ಹಣೆ ಮೇಲೆ ಒಂದು ಎಳೆ ಬಿದ್ದಿತ್ತು. ಅದನ್ನ ಹಿಂಗೆ ಊದ್ದ, ಯಾವಾಗ್ಲೂ ಮಾಡ್ತಾನಲ್ಲ, ಹಂಗೆ."

"ಊದ್ದಾ?"

"ಹೂಂ. ಆಮೇಲೆ ಕ್ಯಾಮೆರಾದೋರ ಕಡೆ ಒಂದ್ಸಲ ನೋಡಿ ತಲೆ ಬಗ್ಗಿಸ್ದ. ನಾಚ್ಕೆ. ಮೀಸೆ ಕತ್ತರಿಸಿದ್ದ. ಗಲ್ಲದ ಹತ್ರ ಗಾಯ ಆಗಿತ್ತು, ಬ್ಲೇಡು ತಗಲಿರಬೇಕು."

"ಅದು ಬ್ಲೇಡಲ್ಲ. ಕರು ಒದ್ದಿದ್ದು."

"ಕರು ಒದ್ದಿದ್ದು ದೀಪಾವಳೀಲಿ."

"ಕಲೆ ಇತ್ತಲ್ಲ." ಮುನಿಗಂಗಮ್ಮ ಗಂಡನ ಕಡೆ ತಿರುಗಿ ಕೂತಳು. ಕಂಕುಳಲ್ಲಿದ್ದ ಕೈ ಈಚೆಗೆ ಬಂದಿತ್ತು. "ಯಾವ ಶರ್ಟು ಹಾಕಿದ್ದ?"

"ಆ ಹಸುರುದು. ಚೌಕುಳಿ."

"ಚೌಕುಳಿ ಹಸುರಲ್ಲ. ನೀಲಿ."

"ಹಸುರು ಕಣೇ. ಸಂತೇಲಿ ನಾನೇ ತಂದುಕೊಟ್ಟಿದ್ದು."

"ನೀನು ತಂದ್ಯಪ್ಪ, ಒಗೆದಿದ್ದು ಯಾರು? ನೀಲಿ."

"ಅದ್ರಲ್ಲಿ ಎಲ್ಲಾ ಕಪ್ಪು ಬಿಳೀನೇ ಕಾಣೋದು. ನಿಂಗೆಂಗೆ ಗೊತ್ತಾಯ್ತು?"

"ನಂಗೆ ಗೊತ್ತು," ಎಂದಳು ಮುನಿಗಂಗಮ್ಮ. "ಆಮೇಲೆ? ಸೊಪ್ಪು ಹಾಕ್ತಿದ್ನಲ್ಲ, ಆಮೇಲೆ ಏನ್ಮಾಡ್ದ?"

ಮೇಜಿನ ಮೇಲಿನ ಟ್ಯೂಬಿನಲ್ಲಿ ಯಾರೋ ವಾರ್ತೆ ಓದಲು ಶುರುಮಾಡಿದ್ದರು. ನೂರ್ಜಹಾನ್ ಎದ್ದು ಹೋಗಿ ಸದ್ದನ್ನಷ್ಟೇ ಕಡಿಮೆ ಮಾಡಿದಳು. ಕೋಣೆಯಲ್ಲಿ ಬೇರೆ ದೀಪವಿರಲಿಲ್ಲ. ಆ ಬೆಳಕು ಅವರಿಬ್ಬರ ಮೇಲೆ ಬೀಳಲೆಂದು ಬಿಟ್ಟು, ತಾನು ಬಾಗಿಲ ಹತ್ತಿರ ಹೋಗಿ ನಿಂತಳು. ಚನ್ನರಾಯಪ್ಪ ನೋಡಿದ್ದೆಲ್ಲ ಆಗಲೇ ಮುಗಿದಿತ್ತು. ಆದರೂ ಅವನು ಹೇಳುತ್ತಲೇ ಹೋದ. ಹೆಂಡತಿ ತಿದ್ದುತ್ತಲೇ ಹೋದಳು. ಹೋಳೂರಿನ ಕಡೆಯ ಬಸ್ಸಿನ ಹೊತ್ತಾಯಿತೆಂದು ಅಕ್ಬರ್ ಹೊರಗಿನಿಂದ ಸನ್ನೆ ಮಾಡಿದ. ಇರು ಎಂದು ನೂರ್ಜಹಾನ್ ಕೈಯೆತ್ತಿದಳು.